ಐದು ವರ್ಷದ ಅಗ್ರಿಮೆಂಟು, ಬೈಯೋ ಕೋಚು, ಪಾರ್ಟ್ನರ್ ಆಗಿರೋ ಸೆಕ್ರೆಟರಿ: ಮಗನ ಫುಟ್‌ಬಾಲ್ ಬಗ್ಗೆ ಒಬ್ಬ ತಾಯಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ಮಗನಿಗೆ 13 ವರ್ಷ, ಚೆನ್ನಾಗಿ ಆಡ್ತಾನೆ. ಅವನು ಹೋಗ್ತಿರೋ ಅಕಾಡೆಮಿಯವ್ರು ಈಗ 5 ವರ್ಷದ ಅಗ್ರಿಮೆಂಟಿಗೆ ಸೈನ್ ಹಾಕಿ, ಹಾಸ್ಟೆಲಿಗೆ ಸೇರ್ಸಿ, ಪಾಸ್‌ಪೋರ್ಟು ಬರ್ತ್ ಸರ್ಟಿಫಿಕೇಟು ಒರಿಜಿನಲ್ ನಮ್ಮತ್ರಾನೇ ಇರ್ಲಿ ಅಂತಿದಾರೆ. ಮಧ್ಯೆ ಬಿಟ್ರೆ ಟ್ರೈನಿಂಗ್ ಖರ್ಚೆಲ್ಲ ವಾಪಸ್ ಕಟ್ಬೇಕಂತೆ. ಅವರ ಪರಿಚಯದ ಒಬ್ರು ಏಜೆಂಟು ಯೂರೋಪಲ್ಲಿ ಟ್ರಯಲ್ ಕೊಡಿಸ್ತೀನಿ, ಖರ್ಚು ನೀವು ಹಾಕಿ ಅಂತಾರೆ. ಇನ್ನೊಂದು ಕಡೆ ಕೋಚು ಎಲ್ಲರ ಮುಂದೆ ತುಂಬಾ ಕೆಟ್ಟದಾಗಿ ಬೈತಾರೆ, ಮಗ ಪ್ರಾಕ್ಟೀಸ್ ಮುಗಿಸಿ ಬಂದು ಸರಿಯಾಗಿ ಊಟಾನೂ ಮಾಡಲ್ಲ, ಕೇಳಿದ್ರೆ 'ಅಮ್ಮಾ ಏನೂ ಹೇಳ್ಬೇಡ, ಟೀಮಿಂದ ತೆಗೀತಾರೆ' ಅಂತಾನೆ. ಕಂಪ್ಲೇಂಟ್ ಕೊಡೋಣ ಅಂದ್ರೆ ಫುಟ್‌ಬಾಲ್ ಅಸೋಸಿಯೇಷನ್ ಸೆಕ್ರೆಟರಿನೇ ಆ ಅಕಾಡೆಮಿಲಿ ಪಾರ್ಟ್ನರ್. ಇದೆಲ್ಲ ಆಟದಲ್ಲಿ ಮಾಮೂಲಾ? ನಾನು ಯಾರನ್ನ ಕೇಳ್ಬೇಕು?

ಉತ್ತರ: ಮೊದ್ಲು ಒಂದು ಮಾತು, ಸೈನ್ ಹಾಕ್ಬೇಡಿ. ಉಳಿದಿದ್ದನ್ನ ನಿಧಾನಕ್ಕೆ ಓದಿದ್ರೂ ಪರ್ವಾಗಿಲ್ಲ. ಪಾಸ್‌ಪೋರ್ಟು, ಬರ್ತ್ ಸರ್ಟಿಫಿಕೇಟು ಆಗ್ಲೇ ಕೊಟ್ಟುಬಿಟ್ಟಿದ್ರೆ ಇವತ್ತೇ ಹೋಗಿ 'ಬೇರೆ ಕೆಲಸಕ್ಕೆ ಬೇಕು' ಅಂತ ವಾಪಸ್ ಈಸ್ಕೊಳ್ಳಿ. ಆಟಗಾರನ್ನ ರಿಜಿಸ್ಟರ್ ಮಾಡೋಕೆ ವಯಸ್ಸಿನ ದಾಖಲೆ ಬೇಕಾಗುತ್ತೆ, ನಿಜ, ಆದ್ರೆ ಒರಿಜಿನಲ್ ತೋರ್ಸಿ ಕಾಪಿ ಕೊಟ್ರೆ ಆ ಕೆಲಸ ಮುಗೀತು. ಒರಿಜಿನಲ್ಲೇ ಇಟ್ಕೋತೀವಿ ಅನ್ನೋದಕ್ಕೆ ಇಷ್ಟು ವರ್ಷದ ಕೆಲಸದಲ್ಲಿ ನನಗೆ ಕಂಡಿರೋ ಕಾರಣ ಒಂದೇ, ಹುಡುಗ ಇನ್ನೊಂದು ಕಡೆ ಹೋಗೋಕೆ ಆಗ್ಬಾರ್ದು ಅಂತ.

ಮಾಮೂಲಾ ಅಂತ ಕೇಳಿದೀರ. ಎಷ್ಟೋ ಕಡೆ ನಡೆಯುತ್ತೆ, ಆದ್ರೆ ಸರಿ ಅಲ್ಲ, ಬಹಳಷ್ಟು ವಿಷಯದಲ್ಲಿ ಫುಟ್‌ಬಾಲಿನ ಸ್ವಂತ ನಿಯಮಕ್ಕೇ ವಿರುದ್ಧ. ನೀವು ಬರೆದಿರೋದ್ರಲ್ಲಿ ಅಗ್ರಿಮೆಂಟು, ಏಜೆಂಟು, ಕೋಚು, ಸೆಕ್ರೆಟರಿ ಅಂತ ನಾಲ್ಕು ಬೇರೆ ಬೇರೆ ತೊಂದ್ರೆ ಇರೋ ಹಾಗೆ ಕಾಣುತ್ತೆ, ನನಗೆ ಮಾತ್ರ ಬೇರು ಒಂದೇ ಅನ್ಸುತ್ತೆ. ನಿಮ್ಮ ಮಗನ್ನ ಟೀಮಿಗೆ ಆರಿಸೋರು, ಅವನ ಆಟದಿಂದ ಮುಂದೆ ದುಡ್ಡು ನೋಡೋರು, ಅವನ ದೂರು ಕೇಳ್ಬೇಕಾದೋರು, ಮೂರೂ ಜನ ಒಂದೇ ಟೇಬಲ್ ಹತ್ರ ಕೂತಿದಾರೆ. ಅಲ್ಲಿ ಕೂತಿರೋರು ಎಷ್ಟೇ ಒಳ್ಳೆಯವ್ರಾದ್ರೂ ಆ ವ್ಯವಸ್ಥೆಯಲ್ಲಿ ಮಗು ಬಾಯಿ ಬಿಡಲ್ಲ. ಅದಕ್ಕೇ ಮಕ್ಕಳ ಹಕ್ಕಿನ ವಿಷಯ ಬಂದಾಗೆಲ್ಲ ನಾನು ಆಡಳಿತದ ವಿಷಯಾನೂ ಎತ್ತೋದು, ಎರಡನ್ನೂ ಬಿಡಿಸಿ ನೋಡೋಕೆ ಆಗಲ್ಲ.

ಹಕ್ಕು ಅಂದ್ರೆ ಏನು ಅಂತ ಎರಡು ಮಾತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರ ನವೆಂಬರ್ 20ಕ್ಕೆ ಅಂಗೀಕಾರ ಆಯ್ತು, ಅಮೆರಿಕ ಒಂದನ್ನ ಬಿಟ್ಟು ವಿಶ್ವಸಂಸ್ಥೆಯ ಎಲ್ಲಾ ಸದಸ್ಯ ದೇಶಗಳೂ ಅದನ್ನ ಒಪ್ಪಿವೆ. 18 ತುಂಬದ ಎಲ್ರೂ ಮಕ್ಕಳೇ ಅನ್ನುತ್ತೆ ಅದು. ಮಗುವಿನ ಹಿತ ನೋಡ್ಬೇಕು ಅಂತ 3ನೇ ವಿಧಿ, ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗು ಮಾತಾಡಿದ್ರೆ ಕೇಳಿಸ್ಕೋಬೇಕು ಅಂತ 12ನೇ ವಿಧಿ, ಹಿಂಸೆಯಿಂದ ರಕ್ಷಣೆ 19, ಶಿಕ್ಷಣ 28, ಆಟ ವಿಶ್ರಾಂತಿ 31, ಆರ್ಥಿಕ ಶೋಷಣೆಯಿಂದ ರಕ್ಷಣೆ 32. ಟ್ಯಾಲೆಂಟ್ ಇರೋ ಹುಡುಗನಿಗೆ ಇದ್ಯಾವುದೂ ಕಮ್ಮಿ ಆಗಲ್ಲ. ಒಳ್ಳೇ ಸ್ಟ್ರೈಕರ್ ಅಂದ ಮಾತ್ರಕ್ಕೆ ಅವನು 13 ವರ್ಷದ ಮಗು ಅನ್ನೋದು ಬದಲಾಗಲ್ಲ.

ಈಗ ಅಗ್ರಿಮೆಂಟಿಗೆ ಬರೋಣ. ವಿಶ್ವ ಫುಟ್‌ಬಾಲಿನ ಆಡಳಿತ ಸಂಸ್ಥೆ ಫಿಫಾದ ಆಟಗಾರರ ಸ್ಥಾನಮಾನ ಮತ್ತು ವರ್ಗಾವಣೆ ನಿಯಮಾವಳಿ ಅಂತ ಒಂದಿದೆ, ಅದರ 18ನೇ ವಿಧಿ ಪ್ರಕಾರ 18 ತುಂಬದ ಆಟಗಾರ 3 ವರ್ಷಕ್ಕಿಂತ ಹೆಚ್ಚಿನ ಪ್ರೊಫೆಷನಲ್ ಕಾಂಟ್ರಾಕ್ಟಿಗೆ ಸೈನ್ ಹಾಕೋ ಹಾಗಿಲ್ಲ, ಅದಕ್ಕಿಂತ ಜಾಸ್ತಿ ಅವಧಿ ಬರೆದಿದ್ರೂ ಫುಟ್‌ಬಾಲ್ ಸಂಸ್ಥೆಗಳು ಅದನ್ನ ಮಾನ್ಯ ಮಾಡಲ್ಲ. ನಿಮ್ಮ ಮಗನದ್ದು ಪ್ರೊಫೆಷನಲ್ ಕಾಂಟ್ರಾಕ್ಟೂ ಅಲ್ಲ, ಸಂಬಳ ಇಲ್ಲ, ಬರೀ ತರಬೇತಿ. ಸಂಬಳ ಕೊಡೋ ಕ್ಲಬ್ಬಿಗೇ 3 ವರ್ಷದ ಮಿತಿ ಇರೋವಾಗ, ಏನೂ ಕೊಡದೇ ಇರೋ ಅಕಾಡೆಮಿ 5 ವರ್ಷ ಕಟ್ಟಿಹಾಕ್ತೀನಿ ಅಂದ್ರೆ ಹೇಗೆ. ಅಪ್ರಾಪ್ತ ವಯಸ್ಸಿನವನ ಹೆಸರಲ್ಲಿ ಮಾಡಿಸಿದ ಇಂಥಾ ಕಾಗದ ಕಾನೂನಿನ ಮುಂದೆ ಎಷ್ಟು ನಿಲ್ಲುತ್ತೆ ಅನ್ನೋದು ಒಂದೊಂದು ದೇಶದಲ್ಲಿ ಒಂದೊಂದು ಥರ, ಅದಕ್ಕೆ ನಿಮ್ಮ ಕಡೆಯ ಒಬ್ಬ ವಕೀಲರಿಗೆ ತೋರಿಸಲೇಬೇಕು. ತೋರಿಸೋಕೆ ಬಿಡಲ್ಲ, ಇಲ್ಲೇ ಕೂತು ಸೈನ್ ಹಾಕಿ ಅಂದ್ರೆ ಎದ್ದು ಬನ್ನಿ.

ಖರ್ಚು ವಾಪಸ್ ಕಟ್ಬೇಕು ಅನ್ನೋ ಕಂಡೀಷನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಪೋಷಕರಿಗೆ ಇದು ಗೊತ್ತೇ ಇರಲ್ಲ. ಮಕ್ಕಳನ್ನ ಬೆಳೆಸೋ ಕ್ಲಬ್ಬುಗಳಿಗೆ ದುಡ್ಡು ಬರೋಕೆ ಫುಟ್‌ಬಾಲಲ್ಲಿ ಅಧಿಕೃತ ದಾರಿನೇ ಇದೆ. ಟ್ರೈನಿಂಗ್ ಕಾಂಪೆನ್ಸೇಷನ್ ಅಂತ ಒಂದು, ಹುಡುಗ ಮುಂದೆ ಬೇರೆ ದೇಶದ ಕ್ಲಬ್ಬಲ್ಲಿ ಮೊದಲ ಸಲ ಪ್ರೊಫೆಷನಲ್ ಆದಾಗ ಅಥವಾ 23ನೇ ವಯಸ್ಸಿನ ವರ್ಷ ಮುಗಿಯೋದ್ರೊಳಗೆ ದೇಶ ದಾಟಿ ಕ್ಲಬ್ ಬದಲಾಯಿಸಿದಾಗ, ಅವನನ್ನ ಬೆಳೆಸಿದ ಕ್ಲಬ್ಬಿಗೆ ಹೊಸ ಕ್ಲಬ್ಬು ಕೊಡೋದು. ಇನ್ನೊಂದು ಸಾಲಿಡ್ಯಾರಿಟಿ, ಆಟಗಾರನ್ನ ಬಿಟ್ಟುಕೊಡೋಕೆ ಒಂದು ಕ್ಲಬ್ಬು ಇನ್ನೊಂದಕ್ಕೆ ಕೊಡೋ ಟ್ರಾನ್ಸ್‌ಫರ್ ಹಣದಲ್ಲಿ ಶೇಕಡಾ 5ನ್ನ ತೆಗೆದು ಅವನು 12ರಿಂದ 23ನೇ ವಯಸ್ಸಿನವರೆಗೆ ಎಲ್ಲೆಲ್ಲಿ ಆಡಿದ್ನೋ ಆ ಕ್ಲಬ್ಬುಗಳಿಗೆಲ್ಲ ಹಂಚೋದು. ಈ ದುಡ್ಡು ಮಧ್ಯದಲ್ಲಿ ಸೋರಿ ಹೋಗ್ಬಾರ್ದು ಅಂತ 2022ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಫಿಫಾ ಕ್ಲಿಯರಿಂಗ್ ಹೌಸ್ ಅಂತ ಶುರು ಮಾಡಿದ್ರು. ಎರಡರಲ್ಲೂ ಕೊಡೋದು ಕ್ಲಬ್ಬು, ತಂದೆ ತಾಯಿ ಅಲ್ಲ. ಅಕಾಡೆಮಿಯವ್ರು ನಿಯಮದ ಪ್ರಕಾರ ನಿಮ್ಮ ಮಗನ್ನ ಒಂದು ಕ್ಲಬ್ಬಿನ ಹೆಸರಲ್ಲಿ ಅಸೋಸಿಯೇಷನ್‌ನಲ್ಲಿ ರಿಜಿಸ್ಟರ್ ಮಾಡಿದ್ರೆ ಅವರ ಪಾಲಿಗೆ ದಾಖಲೆ ಉಳಿಯುತ್ತೆ. ಅದನ್ನ ಮಾಡದೆ ನಿಮ್ಮಿಂದ ಬಾಂಡ್ ಬರೆಸ್ಕೋತಿದಾರೆ ಅಂದ್ರೆ, ಅವರು ಫುಟ್‌ಬಾಲಿನ ಲೆಕ್ಕದಲ್ಲಿ ಇದಾರಾ ಇಲ್ವಾ ಅನ್ನೋದೇ ನನಗೆ ಅನುಮಾನ.

ಅದನ್ನ ಪತ್ತೆ ಮಾಡೋಕೆ ಒಂದು ಪ್ರಶ್ನೆ ಸಾಕು. ಫಿಫಾ ನಿಯಮದ 19ನೇ ವಿಧಿಗೆ ಅಂಟಿಕೊಂಡ ಹಾಗೆ 19-ಬಿಸ್ ಅಂತ ಇದೆ, ಕ್ಲಬ್ಬುಗಳು ತಮ್ಮ ಅಕಾಡೆಮಿಲಿರೋ ಪ್ರತಿಯೊಬ್ಬ ಅಪ್ರಾಪ್ತ ಆಟಗಾರನ ಹೆಸರನ್ನ ಅಸೋಸಿಯೇಷನ್‌ಗೆ ತಿಳಿಸ್ಬೇಕು, ಅಸೋಸಿಯೇಷನ್ ಆ ಹೆಸರು ಜನ್ಮದಿನಾಂಕದ ರಿಜಿಸ್ಟರ್ ಇಟ್ಟಿರ್ಬೇಕು ಅಂತ. 'ನನ್ನ ಮಗನ ಹೆಸರು ಆ ಪಟ್ಟಿಲಿ ಇದ್ಯಾ, ಯಾವ ಕ್ಲಬ್ಬಿನ ಹೆಸರಲ್ಲಿ' ಅಂತ ಬರವಣಿಗೆಯಲ್ಲಿ ಕೇಳಿ. ಬಾಯಿ ಮಾತಲ್ಲಿ ಬೇಡ. ಉತ್ತರ ಕೊಡೋಕೆ ತಡಕಾಡಿದ್ರೆ ಅದೇ ಉತ್ತರ.

ಏಜೆಂಟ್ ವಿಷಯದಲ್ಲಿ ನಾನು ಇನ್ನೂ ಖಡಕ್ಕಾಗಿ ಹೇಳ್ತೀನಿ. 2023ರಲ್ಲಿ ಜಾರಿಗೆ ಬಂದ ಫಿಫಾ ಏಜೆಂಟ್ ನಿಯಮಗಳ ಪ್ರಕಾರ ಏಜೆಂಟು ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತಗೊಂಡಿರ್ಬೇಕು, ಅಪ್ರಾಪ್ತ ಆಟಗಾರರ ಜೊತೆ ಕೆಲಸ ಮಾಡೋಕೆ ಅದರ ಮೇಲೆ ಬೇರೆ ಕೋರ್ಸೂ ಮುಗಿಸಿರ್ಬೇಕು. ಹುಡುಗ ಆಡೋಕೆ ಸೇರೋ ದೇಶದ ಕಾನೂನಿನ ಪ್ರಕಾರ ಅವನು ಮೊದಲ ಪ್ರೊಫೆಷನಲ್ ಕಾಂಟ್ರಾಕ್ಟ್ ಮಾಡಬಹುದಾದ ವಯಸ್ಸಿಗೆ 6 ತಿಂಗಳು ಇದ್ದಾಗಿಂದ ಮಾತ್ರ ಅವನನ್ನ ಸಂಪರ್ಕಿಸಬಹುದು, ಅದೂ ಪೋಷಕರ ಲಿಖಿತ ಒಪ್ಪಿಗೆ ಮೊದ್ಲೇ ಪಡೆದು. 13 ವರ್ಷದ ಹುಡುಗನ ಹಿಂದೆ ಬಂದಿದಾರೆ ಅಂದ್ರೆ ಆ ವ್ಯಕ್ತಿ ಒಂದೋ ಲೈಸೆನ್ಸ್ ಇಲ್ಲದವ್ರು, ಇಲ್ಲ ಲೈಸೆನ್ಸ್ ಇದ್ದೂ ನಿಯಮ ಮುರೀತಿರೋರು. ಲೈಸೆನ್ಸ್ ಇರೋರ ಪಟ್ಟಿನ ಫಿಫಾ ವೆಬ್‌ಸೈಟಲ್ಲೇ ಹುಡುಕಬಹುದು, ಒಂದ್ಸಲ ಹೆಸರು ಹಾಕಿ ನೋಡಿ.

ಯೂರೋಪ್ ಟ್ರಯಲ್ ಅಂದಾಗ ಎಲ್ಲಾ ಅಪ್ಪ ಅಮ್ಮಂದಿರ ಮನಸ್ಸಿಗೆ ಬರೋದು ಮೆಸ್ಸಿ. ಅವನು 13ನೇ ವಯಸ್ಸಿಗೇ ಅರ್ಜೆಂಟೀನಾ ಬಿಟ್ಟು ಬಾರ್ಸಿಲೋನಾಗೆ ಹೋಗ್ಲಿಲ್ವಾ ಅಂತ ನನ್ನ ಮುಂದೆ ಎಷ್ಟು ಜನ ಹೇಳಿದಾರೋ. ಹೋದ, ಟ್ರಯಲ್ ಆಗಿದ್ದು 2000ದಲ್ಲಿ. ಅದರ ಮರು ವರ್ಷ, 2001ರಲ್ಲಿ, ಫಿಫಾ ಮಕ್ಕಳ ಅಂತರರಾಷ್ಟ್ರೀಯ ವರ್ಗಾವಣೆಗೆ ಕಡಿವಾಣ ಹಾಕ್ತು. ಇವತ್ತಿನ 19ನೇ ವಿಧಿ ಹೇಳೋದು ಇಷ್ಟೇ, 18 ತುಂಬದೇ ಆಟಗಾರನ್ನ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗ ಮಾಡೋ ಹಾಗಿಲ್ಲ. ಕೆಲವು ವಿನಾಯಿತಿ ಇವೆ. ತಂದೆ ತಾಯಿ ಫುಟ್‌ಬಾಲಿಗೆ ಸಂಬಂಧವೇ ಇಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ರೆ, ಯೂರೋಪಿಯನ್ ಒಕ್ಕೂಟ ಮತ್ತು ಅದರ ಆರ್ಥಿಕ ವಲಯದ ಒಳಗೇ 16ರಿಂದ 18ರ ವಯಸ್ಸಿನವರಿಗೆ ಓದು ವಸತಿ ಎಲ್ಲ ಕೊಡೋ ಷರತ್ತಿನ ಮೇಲೆ, ಗಡಿಯಿಂದ 50 ಕಿಲೋಮೀಟರ್ ಒಳಗೆ ಇರೋರಿಗೆ, ನಿರಾಶ್ರಿತ ಮಕ್ಕಳಿಗೆ, ಎಕ್ಸ್‌ಚೇಂಜ್ ಸ್ಟೂಡೆಂಟ್ ಆಗಿ ಹೋದೋರಿಗೆ. ಯೂರೋಪಿನ ಹೊರಗಿನ 13 ವರ್ಷದ ಹುಡುಗನ್ನ ಅಲ್ಲಿನ ಕ್ಲಬ್ಬು ಆಟದ ಕಾರಣಕ್ಕೆ ಸೇರಿಸ್ಕೊಳ್ಳೋದು ಇದ್ಯಾವುದರಲ್ಲೂ ಬರಲ್ಲ. ಅಂದ್ರೆ ಆ ಟ್ರಯಲ್‌ನಲ್ಲಿ ನಿಮ್ಮ ಮಗ ಎಲ್ಲರನ್ನೂ ಮೀರಿಸಿ ಆಡಿದ್ರೂ ಕ್ಲಬ್ಬು ಅವನನ್ನ ರಿಜಿಸ್ಟರ್ ಮಾಡೋಕಾಗಲ್ಲ. ಹಾಗಿದ್ಮೇಲೆ ನೀವು ಖರ್ಚು ಹಾಕೋದು ಯಾತಕ್ಕೆ?

ದೊಡ್ಡ ಕ್ಲಬ್ಬುಗಳೇ ಇದನ್ನ ಮುರಿದು ಸಿಕ್ಕಿಬಿದ್ದಿವೆ. 2014ರಲ್ಲಿ ಬಾರ್ಸಿಲೋನಾಗೆ ಎರಡು ಟ್ರಾನ್ಸ್‌ಫರ್ ವಿಂಡೋ, ಅಂದ್ರೆ ಹೊಸ ಆಟಗಾರರನ್ನ ಸೇರಿಸ್ಕೊಳ್ಳೋ ಎರಡು ಅವಧಿ, ನಿಷೇಧ ಬಿತ್ತು, 2016ರಲ್ಲಿ ರಿಯಲ್ ಮ್ಯಾಡ್ರಿಡ್, ಅಟ್ಲೆಟಿಕೊ ಮ್ಯಾಡ್ರಿಡ್‌ಗೆ, 2019ರಲ್ಲಿ ಚೆಲ್ಸಿಗೆ. ಚೆಲ್ಸಿ ಕೇಸಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್‌ಗೂ ದಂಡ ಬಿತ್ತು, ನೋಡಿಕೊಳ್ಳಬೇಕಾದೋರು ನೋಡಿಕೊಳ್ಳಲಿಲ್ಲ ಅಂತ. ರಿಯಲ್ ಮ್ಯಾಡ್ರಿಡ್, ಚೆಲ್ಸಿ ಎರಡೂ ಆಮೇಲೆ ಲೊಸಾನ್‌ನ ಕ್ರೀಡಾ ನ್ಯಾಯಮಂಡಳಿಗೆ ಹೋಗಿ ಶಿಕ್ಷೆ ಕಮ್ಮಿ ಮಾಡಿಸ್ಕೊಂಡ್ವು, ಅದು ಬೇರೆ ಮಾತು. ನನಗೆ ಬೇಜಾರಾಗೋದು ಆ ಮಕ್ಕಳ ಬಗ್ಗೆ. ಕೊರಿಯಾದಿಂದ 2011ರಲ್ಲಿ ಬಾರ್ಸಿಲೋನಾಗೆ ಬಂದಿದ್ದ ಲೀ ಸುಂಗ್-ವೂ 18 ತುಂಬೋವರೆಗೂ, ಅಂದ್ರೆ 2016ರ ಜನವರಿವರೆಗೂ, ವರ್ಷಗಟ್ಲೆ ಕ್ಲಬ್ಬಿನ ಅಧಿಕೃತ ಮ್ಯಾಚ್ ಆಡೋ ಹಾಗಿರ್ಲಿಲ್ಲ. ಜಪಾನಿನ ಟಕೆಫುಸಾ ಕುಬೋ 10 ವರ್ಷಕ್ಕೆ ಬಂದು 2015ರಲ್ಲಿ ವಾಪಸ್ ಊರಿಗೆ ಹೋದ, ಅವನ ಪುಣ್ಯ, ಟೋಕಿಯೋದಲ್ಲಿ ಆಡಿ 18 ತುಂಬಿದಾಗ ರಿಯಲ್ ಮ್ಯಾಡ್ರಿಡ್‌ಗೆ ನೇರವಾಗಿ ಬಂದ. ತಪ್ಪು ಮಾಡಿದ್ದು ದೊಡ್ಡವರು, ಮೈದಾನದ ಹೊರಗೆ ಕೂತಿದ್ದು ಹುಡುಗರು. ಮಕ್ಕಳನ್ನ ಕಾಪಾಡೋಕೆ ಬರೆದ ನಿಯಮ ಅದೇ ಮಕ್ಕಳಿಗೆ ಪೆಟ್ಟು ಕೊಡೋದು ಸರೀನಾ ಅಂತ ಆಗ ತುಂಬಾ ಚರ್ಚೆ ಆಯ್ತು. ನಿಯಮ ಇರ್ಲೇಬೇಕು ಅನ್ನೋನು ನಾನು. ಆದ್ರೆ ಆಗ್ಲೇ ಬಂದುಬಿಟ್ಟಿರೋ ಮಗುವಿನ ವಿಷಯದಲ್ಲಿ ಅವನ ಓದು ಏನಾಗುತ್ತೆ, ಮನೆಯವರು ಎಲ್ಲಿದ್ದಾರೆ, ಅವನಿಗೆ ಏನು ಬೇಕು ಅಂತ ಕೂರಿಸಿ ಕೇಳೋ ವ್ಯವಸ್ಥೆ ಇನ್ನೂ ಸಾಲದು, ಅದನ್ನೂ ಹೇಳ್ಲೇಬೇಕು.

ಇದು ದೊಡ್ಡ ಕ್ಲಬ್ಬುಗಳ ಕಥೆ. ಹೆಸರಿಲ್ಲದ ಹುಡುಗರ ಕಥೆ ಇನ್ನೂ ಘೋರ. ಆಫ್ರಿಕಾದಿಂದ ಟ್ರಯಲ್ ಅಂತ ಕರ್ಕೊಂಡು ಬಂದು ಯೂರೋಪಿನ ಬೀದಿಲಿ ಬಿಟ್ಟುಹೋದ ಹುಡುಗರಿಗೋಸ್ಕರಾನೇ ಕ್ಯಾಮರೂನಿನ ಮಾಜಿ ಆಟಗಾರ ಜಾನ್-ಕ್ಲೋಡ್ ಎಂಬ್ವುಮಿನ್ 2000ದಲ್ಲಿ ಫೂಟ್ ಸಾಲಿಡೇರ್ ಅನ್ನೋ ಸಂಸ್ಥೆ ಕಟ್ಟಿದ್ರು. ಅದಾಗಿ ಎರಡು ದಶಕದ ಮೇಲೂ, 2023ರ ಜೂನ್‌ನಲ್ಲಿ, ಪೋರ್ಚುಗಲ್ಲಿನ ಉತ್ತರ ಭಾಗದ ಒಂದು ಅಕಾಡೆಮಿ ಮೇಲೆ ಅಲ್ಲಿನ ಅಧಿಕಾರಿಗಳು ಮಾನವ ಸಾಗಾಟದ ಅನುಮಾನದಿಂದ ದಾಳಿ ಮಾಡಿದಾಗ ಹೊರಗೆ ಕರ್ಕೊಂಡು ಬಂದೋರಲ್ಲಿ ಹೆಚ್ಚಿನೋರು ಬೇರೆ ಬೇರೆ ಖಂಡಗಳಿಂದ ಬಂದಿದ್ದ ಅಪ್ರಾಪ್ತ ಹುಡುಗರು. ಇಂಥಾ ಕಡೆ ಮೊದ್ಲು ಕೈಯಿಂದ ಹೋಗೋದೇ ಪಾಸ್‌ಪೋರ್ಟು. ಅದಕ್ಕೇ ಶುರುವಿನಲ್ಲೇ ಅಷ್ಟು ಒತ್ತಿ ಹೇಳಿದ್ದು.

ಹಾಸ್ಟೆಲಿನ ಬಗ್ಗೆ ನೀವು ಒಂದೇ ಸಾಲು ಬರೆದಿದೀರ, ನಾನು ಮಾತ್ರ ಅದನ್ನ ಹಗುರವಾಗಿ ತಗೊಳ್ಳಲ್ಲ. 2019ರ ಫೆಬ್ರವರಿ 8ರ ಬೆಳಗಿನ ಜಾವ ರಿಯೋ ಡಿ ಜನೈರೋದಲ್ಲಿ ಫ್ಲಮೆಂಗೋ ಕ್ಲಬ್ಬಿನ ಟ್ರೈನಿಂಗ್ ಸೆಂಟರ್‌ನಲ್ಲಿ ಬೆಂಕಿ ಬಿದ್ದು ಮಲಗಿದ್ದ 10 ಹುಡುಗರು ಸತ್ರು, 14ರಿಂದ 16 ವರ್ಷದೋರು. ಕಂಟೇನರ್‌ಗಳನ್ನ ಜೋಡಿಸಿ ಮಾಡಿದ್ದ ರೂಮುಗಳು. ನಗರಾಡಳಿತದ ದಾಖಲೆಯಲ್ಲಿ ಆ ಜಾಗ ವಾಹನ ನಿಲ್ಲಿಸೋ ಜಾಗ ಅಂತ ಇತ್ತು, ಮಲಗೋ ಕಟ್ಟಡ ಅಂತ ಅಲ್ಲ. ಬ್ರೆಜಿಲ್ಲಿನ ಅತಿ ಶ್ರೀಮಂತ ಕ್ಲಬ್ಬುಗಳಲ್ಲಿ ಒಂದು ಅದು. ಅದಕ್ಕೇ ಟ್ರೋಫಿ ಇಟ್ಟಿರೋ ಕಪಾಟು ನೋಡಿ ಬರ್ಬೇಡಿ, ಮಕ್ಕಳು ಮಲಗೋ ರೂಮಿಗೆ ಹೋಗಿ. ಎಷ್ಟು ಬಾಗಿಲಿದೆ, ಕಿಟಕಿಗೆ ಕಬ್ಬಿಣದ ಸರಳಿದ್ರೆ ತೆಗೆಯೋ ಹಾಗಿದ್ಯಾ, ರಾತ್ರಿ ಯಾರು ಎಚ್ಚರ ಇರ್ತಾರೆ, ದೊಡ್ಡವರು ಮಕ್ಕಳ ರೂಮಲ್ಲೇ ಮಲಗ್ತಾರಾ, ಸ್ನಾನದ ಮನೆಗೆ ಒಳಗಿಂದ ಚಿಲಕ ಇದ್ಯಾ, ಮಗು ಬೇಕಾದಾಗ ಮನೆಗೆ ಫೋನ್ ಮಾಡಬಹುದಾ, ಸ್ಕೂಲು ಯಾವುದು, ಅಟೆಂಡೆನ್ಸ್ ಯಾರು ನೋಡ್ತಾರೆ. ಅಗ್ನಿಶಾಮಕದವರ ಅನುಮತಿ ಪತ್ರ ತೋರ್ಸಿ ಅನ್ನಿ. ನಿಮ್ಮನ್ನ ರಗಳೆ ಅಮ್ಮ ಅಂದುಕೊಂಡ್ರೆ ಅಂದುಕೊಳ್ಳಲಿ.

ಇನ್ನು ಕೋಚು. ಇದನ್ನ ಓದಿ ನನಗೆ ತುಂಬಾ ಹೊತ್ತು ಸಮಾಧಾನ ಇರ್ಲಿಲ್ಲ, ಯಾಕಂದ್ರೆ ಕಾಗದ, ಏಜೆಂಟು ಎಲ್ಲ ಮುಂದೆ ಆಗಬಹುದಾದ ತೊಂದ್ರೆ, ಇದು ಈಗ ದಿನಾ ನಡೀತಿರೋದು. ಜೋರಾಗಿ ಕೂಗೋದು ಬೇರೆ, ಮಗುವಿನ ಮೈಬಣ್ಣ, ತೂಕ, ಮನೆ, ಬುದ್ಧಿ ಎತ್ತಿ ಎಲ್ಲರ ಮುಂದೆ ಅವಮಾನ ಮಾಡೋದು ಬೇರೆ. ಎರಡನೇದಕ್ಕೆ ಮಾನಸಿಕ ದೌರ್ಜನ್ಯ ಅಂತಾನೇ ಹೆಸರು, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2016ರಲ್ಲಿ ಹೊರಡಿಸಿದ ಹೇಳಿಕೆಯಲ್ಲೂ ಕ್ರೀಡೆಯಲ್ಲಿನ ಉಳಿದ ದೌರ್ಜನ್ಯಗಳಿಗೆಲ್ಲ ಅದು ಹೆಬ್ಬಾಗಿಲು ಅನ್ನೋ ಅರ್ಥದ ಮಾತಿದೆ. 'ಬೈದ್ರೇನೇ ಹುಡುಗ ಗಟ್ಟಿ ಆಗೋದು' ಅನ್ನೋ ಮಾತನ್ನ ನಾನು ಒಪ್ಪಲ್ಲ. ಹೆದರಿಕೊಂಡಿರೋ ಹುಡುಗ ರಿಸ್ಕ್ ತಗೊಳ್ಳಲ್ಲ, ಬಾಲ್ ಕೇಳಲ್ಲ, ತಪ್ಪಾದ್ರೆ ಬೆಂಚ್ ಕಡೆ ನೋಡ್ತಾನೆ, ಅವನ ಆಟಾನೇ ಕುಗ್ಗುತ್ತೆ.

ನಿಮ್ಮ ಮಗ ಹೇಳಿದ ಒಂದು ಮಾತು, 'ಟೀಮಿಂದ ತೆಗೀತಾರೆ' ಅನ್ನೋದು, ಅದು ಸಣ್ಣ ಮಾತಲ್ಲ. 2016ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಮಾಜಿ ಆಟಗಾರ ಆಂಡಿ ವುಡ್‌ವರ್ಡ್ ತಾನು ಹುಡುಗನಾಗಿದ್ದಾಗ ಕೋಚ್ ಬ್ಯಾರಿ ಬೆನೆಲ್‌ನಿಂದ ಆದ ಲೈಂಗಿಕ ದೌರ್ಜನ್ಯದ ಬಗ್ಗೆ ಬಹಿರಂಗವಾಗಿ ಹೇಳಿದ್ರು, ಅದರ ಹಿಂದೆಯೇ ನೂರಾರು ಜನ ಬಾಯಿ ಬಿಟ್ರು. ಬೆನೆಲ್‌ಗೆ 2018ರಲ್ಲಿ 50 ಅಪರಾಧ ಸಾಬೀತಾಗಿ 31 ವರ್ಷ ಶಿಕ್ಷೆ ಆಯ್ತು. ಅಷ್ಟು ವರ್ಷ ಯಾಕೆ ಸುಮ್ಮನಿದ್ರು ಅಂದ್ರೆ, ಫುಟ್‌ಬಾಲರ್ ಆಗೋ ಕನಸಿನ ಬೀಗದ ಕೈ ಆ ಮನುಷ್ಯನ ಕೈಲೇ ಇತ್ತು. ಆಮೇಲೆ ನಡೆದ ಶೆಲ್ಡನ್ ತನಿಖೆಯ ವರದಿ 2021ರ ಮಾರ್ಚ್‌ನಲ್ಲಿ ಬಂತು, 1995ರಿಂದ 2000ದ ನಡುವೆ ಅಲ್ಲಿನ ಅಸೋಸಿಯೇಷನ್ ಮಕ್ಕಳ ರಕ್ಷಣೆಗೆ ಮಾಡಬೇಕಾದಷ್ಟು ಮಾಡ್ಲಿಲ್ಲ ಅಂತ ಹೇಳ್ತು. ನಿಮ್ಮ ಕೋಚ್ ಅಂಥೋರು ಅಂತ ನಾನು ಖಂಡಿತ ಹೇಳ್ತಿಲ್ಲ, ಬೈಯೋ ಕೋಚುಗಳಲ್ಲಿ ಬಹುಪಾಲು ಜನ ತಾವು ಕಲಿತ ಹಾಗೇ ಕಲಿಸ್ತಿರೋರು. ಮಗು ಹೆದರಿ ಬಾಯಿ ಮುಚ್ಚಿಕೊಳ್ಳೋ ವಾತಾವರಣ ಇದ್ರೆ ಅದರಲ್ಲಿ ಯಾವ ಥರದೋನು ಬೇಕಾದ್ರೂ ಅಡಗಿಕೊಳ್ಳಬಹುದು ಅನ್ನೋದಷ್ಟೇ ನನ್ನ ಮಾತು.

ಮಗನ ಹತ್ರ ಹೇಗೆ ಮಾತಾಡೋದು ಅಂದ್ರೆ, ಎದುರು ಕೂರಿಸಿಕೊಂಡು ವಿಚಾರಣೆ ಮಾಡ್ಬೇಡಿ. ಜೊತೆಗೆ ನಡೀತಾ, ಏನೋ ಕೆಲಸ ಮಾಡ್ತಾ ಕೇಳಿ. 'ಪ್ರಾಕ್ಟೀಸಲ್ಲಿ ಇವತ್ತು ಯಾವಾಗ ಖುಷಿ ಆಯ್ತು, ಯಾವಾಗ ಬೇಜಾರಾಯ್ತು' ಅಂತ ಕೇಳಿದ್ರೆ ಸಾಕು. ಅವನು ಏನಾದ್ರೂ ಹೇಳಿದ್ರೆ ಮುಖ ಗಂಟಿಕ್ಕದೆ ಕೇಳಿ, 'ಹೇಳಿದ್ದು ಒಳ್ಳೇದಾಯ್ತು' ಅನ್ನಿ, ಅವನು ಬಳಸಿದ ಪದಗಳನ್ನೇ ತಾರೀಕು ಹಾಕಿ ಬರೆದಿಡಿ. 'ಯಾರಿಗೂ ಹೇಳಲ್ಲ' ಅಂತ ಮಾತ್ರ ಭಾಷೆ ಕೊಡ್ಬೇಡಿ, ಹೇಳಲೇಬೇಕಾದ ವಿಷಯ ಬಂದ್ರೆ ಆ ಭಾಷೆ ಮುರಿದಂಗಾಗುತ್ತೆ, ಮತ್ತೆ ನಿಮ್ಮನ್ನ ನಂಬಲ್ಲ. ಯಾರಿಗೆ ಹೇಳ್ಬೇಕಾದ್ರೂ ಮೊದ್ಲು ನಿನಗೆ ಹೇಳೇ ಹೇಳ್ತೀನಿ ಅನ್ನಿ. ಕೋಚು ರಾತ್ರಿ ಅವನೊಬ್ಬನಿಗೇ ಮೆಸೇಜ್ ಮಾಡ್ತಾರಾ, ಒಬ್ಬನನ್ನೇ ಕಾರಲ್ಲಿ ಕರ್ಕೊಂಡು ಹೋಗ್ತಾರಾ, ಗಿಫ್ಟ್ ಕೊಟ್ಟು ಗುಟ್ಟಾಗಿಡು ಅಂತಾರಾ, ಇದು ನಿಮಗೆ ಗೊತ್ತಿರ್ಬೇಕು. ಒಳ್ಳೇ ಅಕಾಡೆಮಿಲಿ ಕೋಚು ಮಗುವಿಗೆ ಮೆಸೇಜ್ ಮಾಡೋದು ಪೋಷಕರೂ ಇರೋ ಗ್ರೂಪಲ್ಲಿ ಮಾತ್ರ, ಮಗುವಿನ ಜೊತೆ ಒಬ್ಬರೇ ದೊಡ್ಡವರು ಇರೋ ಹಾಗೇ ಇಲ್ಲ.

ಕಂಪ್ಲೇಂಟ್ ಎಲ್ಲಿ ಕೊಡೋದು? ಮುಟ್ಟಬಾರದ ಕಡೆ ಮುಟ್ಟೋದು, ಹೊಡೆಯೋದು, ಬೆದರಿಸೋದು, ದಾಖಲೆ ಕಿತ್ತಿಟ್ಕೊಳ್ಳೋದು ಇದ್ಯಾವುದೇ ಇದ್ರೂ ಫುಟ್‌ಬಾಲ್ ಅಸೋಸಿಯೇಷನ್ ಬಾಗಿಲಿಗೆ ಹೋಗೋ ಅಗತ್ಯಾನೇ ಇಲ್ಲ, ನೇರ ಪೊಲೀಸು ಅಥವಾ ಸರ್ಕಾರದ ಮಕ್ಕಳ ರಕ್ಷಣಾ ವ್ಯವಸ್ಥೆಗೆ ಹೋಗಿ. ಇಲ್ಲಿ ಒಂದು ದೊಡ್ಡ ತಪ್ಪು ತಿಳುವಳಿಕೆ ಇದೆ. ಫುಟ್‌ಬಾಲ್ ಸಂಸ್ಥೆಗಳಲ್ಲಿ ಸರ್ಕಾರ ಕೈ ಹಾಕಿದ್ರೆ ಫಿಫಾ ಸಸ್ಪೆಂಡ್ ಮಾಡುತ್ತೆ, ಥರ್ಡ್ ಪಾರ್ಟಿ ಹಸ್ತಕ್ಷೇಪ ಅಂತಾರೆ, ಹಾಗಾಗಿ ನಮ್ಮ ವಿಷಯ ನಮ್ಮೊಳಗೇ ಇರ್ಲಿ ಅಂತ ಪದಾಧಿಕಾರಿಗಳು ಹೆದರಿಸ್ತಾರೆ. ಆ ನಿಯಮ ಇರೋದು ಚುನಾವಣೆ, ಆಡಳಿತದಲ್ಲಿ ರಾಜಕೀಯ ನುಗ್ಗದಿರಲಿ ಅಂತ. ಮಗುವಿನ ಮೇಲೆ ಆದ ಅಪರಾಧವನ್ನ ಪೊಲೀಸರು ತನಿಖೆ ಮಾಡೋದು ಹಸ್ತಕ್ಷೇಪ ಅಲ್ಲವೇ ಅಲ್ಲ, ಹಾಗಂತ ಹೇಳೋ ಪದಾಧಿಕಾರಿ ಮಗುವಿನ ಪರ ನಿಂತಿಲ್ಲ ಅಂತಾನೇ ತಿಳ್ಕೊಳ್ಳಿ.

ಅಪರಾಧದ ಮಟ್ಟಕ್ಕೆ ಹೋಗದ ವಿಷಯ, ಅಂದ್ರೆ ಬೈಗುಳ, ಅಗ್ರಿಮೆಂಟು, ಏಜೆಂಟು, ಇವನ್ನ ಬರವಣಿಗೆಯಲ್ಲಿ ಅಸೋಸಿಯೇಷನ್‌ಗೇ ಕೊಡಿ, ಆದ್ರೆ ಸೆಕ್ರೆಟರಿ ಹೆಸರಿಗಲ್ಲ. ಮಕ್ಕಳ ರಕ್ಷಣಾ ಅಧಿಕಾರಿ, ಅಂದ್ರೆ ಸೇಫ್‌ಗಾರ್ಡಿಂಗ್ ಆಫೀಸರ್, ಇದಾರಾ ಕೇಳಿ. 2019ರಲ್ಲಿ ಫಿಫಾ 'ಗಾರ್ಡಿಯನ್ಸ್' ಅನ್ನೋ ಕಾರ್ಯಕ್ರಮ ಶುರು ಮಾಡಿ ಎಲ್ಲ ಸದಸ್ಯ ಸಂಸ್ಥೆಗಳಿಗೂ ಇಂಥಾ ಅಧಿಕಾರಿ, ಲಿಖಿತ ನೀತಿ, ದೂರು ಕೊಡೋ ದಾರಿ ಇರ್ಬೇಕು ಅಂತ ಮಾರ್ಗದರ್ಶಿ ಕೊಟ್ಟಿದೆ. ಕೆಳಗೆ ಯಾರೂ ಇಲ್ಲ ಅಂದ್ರೆ ರಾಷ್ಟ್ರೀಯ ಫೆಡರೇಶನ್‌ಗೆ, ಅಲ್ಲೂ ಕಿವಿಗೆ ಹಾಕ್ಕೊಳ್ಳದಿದ್ರೆ ಫಿಫಾದ ಗೌಪ್ಯ ದೂರು ವ್ಯವಸ್ಥೆಗೆ ಆನ್‌ಲೈನಲ್ಲೇ. ಪತ್ರದಲ್ಲಿ ಒಂದು ಸಾಲು ಮರೀಬೇಡಿ, 'ಸೆಕ್ರೆಟರಿಯವ್ರು ಈ ಅಕಾಡೆಮಿಯ ಪಾಲುದಾರರು, ಆದ್ದರಿಂದ ಈ ದೂರಿನ ವಿಚಾರಣೆಯಿಂದ ಅವರು ದೂರ ಇರಬೇಕು'. ಅದು ದಾಖಲೆಲಿ ಇದ್ರೆ ಮುಂದೆ ಯಾರೂ ಗೊತ್ತಿರ್ಲಿಲ್ಲ ಅನ್ನೋ ಹಾಗಿಲ್ಲ.

ಈ ಪಾಲುದಾರಿಕೆ ವಿಷಯ ಬರೀ ನಿಮ್ಮೂರಿನ ಕಥೆ ಅಂತ ಅಂದ್ಕೋಬೇಡಿ. ಫಿಫಾ ಸಂವಿಧಾನದ 15ನೇ ವಿಧಿ ಪ್ರಕಾರ ಸದಸ್ಯ ಸಂಸ್ಥೆಗಳ ನಿಯಮಾವಳಿಯಲ್ಲಿ ನ್ಯಾಯಾಂಗ ಸಮಿತಿಗಳು ಸ್ವತಂತ್ರವಾಗಿರ್ಬೇಕು, ತೀರ್ಮಾನ ತಗೊಳ್ಳೋರಿಗೆ ಹಿತಾಸಕ್ತಿ ಸಂಘರ್ಷ ಇರ್ಬಾರ್ದು, ಲೆಕ್ಕಪತ್ರಕ್ಕೆ ವರ್ಷ ವರ್ಷ ಸ್ವತಂತ್ರ ಆಡಿಟ್ ಆಗ್ಬೇಕು. ಕಾಗದದ ಮೇಲೆ ಎಲ್ಲ ಇದೆ. ಕೆಳಗಿಳಿದಂತೆ, ಜಿಲ್ಲೆ ಮಟ್ಟ ಲೀಗ್ ಮಟ್ಟಕ್ಕೆ ಬಂದಂತೆ, ಅದೇ ನಾಲ್ಕು ಜನ ಅಕಾಡೆಮಿ ನಡೆಸ್ತಾರೆ, ಟೀಮ್ ಸೆಲೆಕ್ಟ್ ಮಾಡ್ತಾರೆ, ಟೂರ್ನಮೆಂಟ್ ಮಾಡ್ತಾರೆ, ಶಿಸ್ತು ಸಮಿತಿಲೂ ಕೂರ್ತಾರೆ. ಜನ ಸಿಗಲ್ಲ ಅನ್ನೋದು ಅವರ ಸಮಜಾಯಿಷಿ, ಅದರಲ್ಲಿ ಸ್ವಲ್ಪ ನಿಜಾನೂ ಇದೆ, ಎಷ್ಟೋ ಜನ ಕೈಯಿಂದ ಹಾಕಿಕೊಂಡು ಆಟ ಉಳಿಸಿದಾರೆ. ಆದ್ರೂ ದೂರು ಕೇಳೋಕೆ ಫುಟ್‌ಬಾಲೇ ಗೊತ್ತಿರ್ಬೇಕು ಅಂತೇನಿಲ್ಲ. ಒಬ್ಬ ಟೀಚರ್, ಒಬ್ಬ ಡಾಕ್ಟರ್, ಮಕ್ಕಳ ವಿಷಯ ಬಲ್ಲ ಒಬ್ಬ ವಕೀಲರು, ಯಾವ ಕ್ಲಬ್ಬಿಗೂ ಸೇರದ ಮೂರು ಜನ ಸಾಕು ಶುರು ಮಾಡೋಕೆ.

ಸ್ವತಂತ್ರ ವ್ಯವಸ್ಥೆ ಯಾಕೆ ಅಷ್ಟು ಮುಖ್ಯ ಅನ್ನೋದಕ್ಕೆ ಹೈಟಿಯ ಪ್ರಕರಣ ನೋಡಿ. ಅಲ್ಲಿನ ರಾಷ್ಟ್ರೀಯ ತರಬೇತಿ ಕೇಂದ್ರದಲ್ಲಿ ಹುಡುಗಿಯರ ಮೇಲೆ ದೌರ್ಜನ್ಯ ಆಯ್ತು ಅನ್ನೋ ಆರೋಪದ ಮೇಲೆ ಫೆಡರೇಶನ್ ಅಧ್ಯಕ್ಷರಿಗೆ 2020ರಲ್ಲಿ ಫಿಫಾ ಆಜೀವ ನಿಷೇಧ ಹಾಕ್ತು, ಅವರು ಆರೋಪನ ಒಪ್ಪಲೇ ಇಲ್ಲ, 2023ರಲ್ಲಿ ಕ್ರೀಡಾ ನ್ಯಾಯಮಂಡಳಿ ಸಾಕ್ಷ್ಯ ಸಾಲದು ಅಂತ ನಿಷೇಧ ರದ್ದು ಮಾಡ್ತು. ಯಾರದು ಸರಿ ಅಂತ ತೀರ್ಪು ಕೊಡೋ ಜಾಗದಲ್ಲಿ ನಾನಿಲ್ಲ. ನನಗೆ ಕಾಣೋದು ಏನಂದ್ರೆ, ದೂರು ಕೊಟ್ಟೋರಿಗೂ ಆರೋಪ ಹೊತ್ತೋರಿಗೂ ಎರಡು ವರ್ಷ ಮೂರು ವರ್ಷ ಆದ್ಮೇಲೆ ದೂರದ ಊರಲ್ಲಿ ಕೂತು ಸತ್ಯ ಹುಡುಕೋ ಬದಲು, ಮೊದಲ ದಿನವೇ ಹತ್ತಿರದಲ್ಲೇ ಮಕ್ಕಳ ಜೊತೆ ಮಾತಾಡೋ ತರಬೇತಿ ಇರೋರು, ಸಾಕ್ಷಿಗಳಿಗೆ ಭದ್ರತೆ ಕೊಡೋರು ಇರ್ಬೇಕಿತ್ತು. ಇನ್ನೊಂದು ತೂತು, ಒಂದು ಕಡೆ ಕೆಟ್ಟ ಹೆಸರು ತಗೊಂಡ ಕೋಚು ಸದ್ದಿಲ್ಲದೆ ರಾಜೀನಾಮೆ ಕೊಟ್ಟು ಇನ್ನೊಂದು ಊರಲ್ಲಿ ಸೇರ್ಕೋತಾರೆ, ಹಳೇ ಕ್ಲಬ್ಬು ನಮ್ಮ ಮರ್ಯಾದೆ ಉಳೀತು ಅಂತ ಸುಮ್ಮನಾಗುತ್ತೆ. ಕೋಚಿಂಗ್ ಲೈಸೆನ್ಸಿನ ಜೊತೆಗೇ ಹಿನ್ನೆಲೆ ಪರಿಶೀಲನೆ, ನಿಷೇಧಿತರ ಮಾಹಿತಿ ಸಂಸ್ಥೆಯಿಂದ ಸಂಸ್ಥೆಗೆ ಹೋಗೋದು, ಇವೆರಡು ಆಗದಿದ್ರೆ ಉಳಿದ ಪೋಸ್ಟರ್ ಪ್ರತಿಜ್ಞೆಗಳಿಂದ ಉಪಯೋಗ ಇಲ್ಲ.

ಆಗಲ್ಲ ಅನ್ನೋರಿಗೆ ನಾರ್ವೆ ಉದಾಹರಣೆ ಕೊಡ್ತೀನಿ. ಅಲ್ಲಿ ಎಲ್ಲಾ ಕ್ರೀಡೆಗಳಿಗೂ ಸೇರಿ ಮಕ್ಕಳ ಹಕ್ಕುಗಳ ನಿಯಮ ಇದೆ, ಫುಟ್‌ಬಾಲೂ ಅದರಲ್ಲೇ ಬರುತ್ತೆ. ಮಗುವಿಗೆ 11 ಆಗೋ ವರ್ಷ ಬರೋವರೆಗೂ ರಿಸಲ್ಟು, ಪಾಯಿಂಟ್ಸ್ ಟೇಬಲ್ಲು, ರ‍್ಯಾಂಕಿಂಗ್ ಪ್ರಕಟಿಸೋ ಹಾಗಿಲ್ಲ, ಮಗುವಿಗೆ ಎಷ್ಟು ಪ್ರಾಕ್ಟೀಸ್ ಬೇಕು ಅನ್ನೋದ್ರಲ್ಲಿ ಅವನ ಮಾತೂ ಲೆಕ್ಕಕ್ಕೆ ಬರುತ್ತೆ. ಇದರಿಂದ ಆಟ ಹಾಳಾಯ್ತಾ? ದೊಡ್ಡ ಸ್ಟ್ರೈಕರ್ ಅಂತ ಹೆಸರಾದ ಅರ್ಲಿಂಗ್ ಹಾಲಂಡ್ ಬೆಳೆದಿದ್ದೂ ಅಲ್ಲೇ. ಹೆಡಿಂಗ್ ವಿಷಯಾನೂ ಹಾಗೇ, 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ತಲೆಯಲ್ಲಿ ಬಾಲ್ ಹೊಡೆಯೋದು ಬೇಡ ಅಂತ ಅಮೆರಿಕ 2015ರಲ್ಲೇ ತೀರ್ಮಾನ ಮಾಡ್ತು, 2020ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಚಿಕ್ಕ ಮಕ್ಕಳ ಪ್ರಾಕ್ಟೀಸಿಂದ ಅದನ್ನ ತೆಗೆದ್ವು.

ಓದಿನ ಬಗ್ಗೆ ಒಂದು ಮಾತು ಸೇರಿಸ್ತೀನಿ. ಅಕಾಡೆಮಿಗೆ ಸೇರಿದ ಮಕ್ಕಳಲ್ಲಿ ಪ್ರೊಫೆಷನಲ್ ಆಗೋರು ತೀರಾ ಕಮ್ಮಿ. ಅದೂ ಆರಿಸೋವಾಗ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ, ಬೇಗ ಮೈ ಬೆಳೆದ ಹುಡುಗರೇ ಹೆಚ್ಚು ಸಿಕ್ತಾರೆ ಅನ್ನೋದನ್ನ ಸಂಶೋಧಕರು ದೇಶ ದೇಶಗಳಲ್ಲಿ ಕಂಡಿದಾರೆ, ಟ್ಯಾಲೆಂಟಿಗಿಂತ ಹುಟ್ಟಿದ ತಿಂಗಳು ಕೆಲಸ ಮಾಡಿರುತ್ತೆ. ಹಾಗಾಗಿ 13ರಲ್ಲಿ ಸೆಲೆಕ್ಟ್ ಆದ ಅಂತ ಸ್ಕೂಲ್ ಬಿಡಿಸೋದೂ ಬೇಡ, 15ರಲ್ಲಿ ತೆಗೆದ್ರು ಅಂತ ಅವನು ಮುಗಿದೇ ಹೋದ ಅಂದ್ಕೊಳ್ಳೋದೂ ಬೇಡ. ಅಕಾಡೆಮಿಯವ್ರನ್ನ ಕೇಳಿ, ಹೋದ ಮೂರು ವರ್ಷದಲ್ಲಿ ನೀವು ಕೈಬಿಟ್ಟ ಹುಡುಗರು ಈಗ ಏನ್ಮಾಡ್ತಿದಾರೆ ಅಂತ. ಒಳ್ಳೇ ಕಡೆ ಅದಕ್ಕೆ ಉತ್ತರ ಇರುತ್ತೆ.

ಕೊನೇದಾಗಿ, ದೂರು ಕೊಟ್ರೆ ಮಗನ್ನ ತೆಗೆದ್ರೆ ಅನ್ನೋ ಭಯ. ತೆಗೆಯಬಹುದು, ಸುಳ್ಳು ಧೈರ್ಯ ಹೇಳಲ್ಲ. ಅದಕ್ಕೇ ಒಬ್ಬರೇ ಹೋಗ್ಬೇಡಿ. ಅದೇ ಟೀಮಿನ ಇನ್ನೂ ಮೂರು ನಾಲ್ಕು ಮನೆಗಳಲ್ಲಿ ಇದೇ ಮಾತು ನಡೀತಿರುತ್ತೆ, ಅವರ ಜೊತೆ ಕೂತು ಮಾತಾಡಿ, ಪತ್ರಕ್ಕೆ ಎಲ್ಲರೂ ಸೈನ್ ಹಾಕಿ, ಆಗ ಒಬ್ಬ ಹುಡುಗನ್ನ ಗುರುತು ಮಾಡಿ ಹೊರಗೆ ಹಾಕೋದು ಕಷ್ಟ. ಪತ್ರದಲ್ಲಿ ದೂರು ಕೊಟ್ಟ ಕಾರಣಕ್ಕೆ ಯಾವ ಮಗುವಿನ ಮೇಲೂ ಸೇಡು ತೀರಿಸ್ಕೋಬಾರ್ದು ಅಂತ ಬರೀರಿ. ಅಷ್ಟರಲ್ಲಿ ಹತ್ತಿರದಲ್ಲಿ ಬೇರೆ ಯಾವ ಕ್ಲಬ್ಬು, ಯಾವ ಸ್ಕೂಲ್ ಟೀಮ್ ಇದೆ ಅಂತ ಸುಮ್ಮನೆ ನೋಡಿಟ್ಟಿರಿ, ಮಗನಿಗೂ ತೋರ್ಸಿ. ಆಡೋಕೆ ಇನ್ನೊಂದು ಜಾಗ ಇದೆ ಅಂತ ಗೊತ್ತಾದ್ರೆ ಅವನು ಮಾತಾಡೋ ಸಾಧ್ಯತೆ ಜಾಸ್ತಿ. ಊಟ ಬಿಡೋದು, ನಿದ್ದೆ ಬರದೇ ಇರೋದು ಇನ್ನೂ ಮುಂದುವರಿದ್ರೆ ಈ ಪತ್ರ ಗಿತ್ರ ಎಲ್ಲದಕ್ಕೂ ಮೊದ್ಲು ಮಕ್ಕಳ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಪ್ರಾಕ್ಟೀಸಿಗೆ ಒಂದೆರಡು ವಾರ ರಜೆ ಹಾಕಿಸಿ. ಆ ಅಗ್ರಿಮೆಂಟಿನ ಕಾಪಿ ಸಿಕ್ಕಿದ್ರೆ ಹೆಸರು ಅಳಿಸಿ ಕಳಿಸಿಕೊಡಿ, ಒಂದೊಂದು ಕಲಮೂ ಓದಿ ಏನು ಕೇಳ್ಬೇಕು ಅಂತ ಬರೆದು ಕೊಡ್ತೀನಿ.